ಮೂವತ್ತೊಂದು ವರ್ಷ ಹಿಡಿದ ಪತನ

ಹಳೇಬೀಡಿಗೆ ಬಂದವರಿಗೆ ಹೊಯ್ಸಳರ ಕೊನೆಯ ಕಥೆ ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಸಿಗುತ್ತದೆ. ದೆಹಲಿಯಿಂದ ಮಲಿಕ್ ಕಾಫರ್ ಬಂದ, ಈಗಿನ ಹಳೇಬೀಡಾದ ದೋರಸಮುದ್ರವನ್ನು ದೋಚಿದ, ಅಲ್ಲಿಗೆ ಒಂದು ವಂಶ ಮುಗಿಯಿತು. ಶಾಲೆಯ ಪಾಠದಲ್ಲೂ ಪ್ರವಾಸಿ ಕೈಪಿಡಿಯಲ್ಲೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಆದರೆ ಕಾಫರನ ದಂಡು ದೋರಸಮುದ್ರದ ಮುಂದೆ ನಿಂತದ್ದು 1311ರಲ್ಲಿ. ಅದೇ ಅರಸ, ಮೂರನೇ ವೀರಬಲ್ಲಾಳ, ಯುದ್ಧಭೂಮಿಯಲ್ಲಿ ಸೆರೆಯಾಗಿ ಕೊಲೆಯಾದದ್ದು 1342ರಲ್ಲಿ. ನಡುವೆ ಮೂವತ್ತೊಂದು ವರ್ಷಗಳಿವೆ. ಒಂದು ತಲೆಮಾರು ಹುಟ್ಟಿ ಬೆಳೆದು ಮಕ್ಕಳನ್ನು ಕಾಣುವಷ್ಟು ಕಾಲ. ಆ ಕಾಲದುದ್ದಕ್ಕೂ ಒಬ್ಬ ಅರಸ, ಅವನ ಸುತ್ತಲಿನ ದಂಡನಾಯಕರು, ಹೆಗ್ಗಡೆಗಳು, ಊರೂರಿನ ಗಾವುಂಡರು ಕೂಡಿ ಒಂದರ ಹಿಂದೊಂದು ತೀರ್ಮಾನ ತೆಗೆದುಕೊಂಡರು. ಅವುಗಳಲ್ಲಿ ಒಳ್ಳೆಯದನ್ನು ಆಯ್ದುಕೊಳ್ಳುವ ಅವಕಾಶವೇ ಬಹುಪಾಲು ಇರಲಿಲ್ಲ. ಕೆಟ್ಟದ್ದು ಮತ್ತು ಅದಕ್ಕಿಂತ ಕೆಟ್ಟದ್ದು ಮಾತ್ರ ಇದ್ದವು. ಈ ಮೂವತ್ತೊಂದು ವರ್ಷಗಳನ್ನು ಹೇಳಲು ನಮ್ಮಲ್ಲಿ ಒಂದು ಕಥನ ರೂಪ ಬೆಳೆದಿಲ್ಲ ಎಂಬುದು ನನ್ನ ವಾದದ ಮೊದಲ ಅರ್ಧ. ಅಂಥ ರೂಪ ಬೇರೆಡೆ ಹುಟ್ಟಿದೆ, ಅದೂ ಯಾರೂ ಹುಡುಕಲು ಹೋಗದ ಕಂಪ್ಯೂಟರ್ ಆಟಗಳ ಲೋಕದಲ್ಲಿ ಎಂಬುದು ಉಳಿದರ್ಧ.

ಆ ಆಟದ ಹೆಸರು ‘ಸಿಕ್ಸ್ ಏಜಸ್ 2: ಲೈಟ್ಸ್ ಗೋಯಿಂಗ್ ಔಟ್’. ಡೇವಿಡ್ ಡನ್‌ಹ್ಯಾಮ್ ನಡೆಸುವ ‘ಎ ಶಾರ್ಪ್’ ಎಂಬ ಪುಟ್ಟ ಸಂಸ್ಥೆ ಅದನ್ನು 2023ರಲ್ಲಿ ಹೊರತಂದಿತು. ಅದೇ ಸಂಸ್ಥೆಯ ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’ 1999ರಲ್ಲೇ ಬಂದಿತ್ತು. ಎರಡೂ ನಡೆಯುವುದು ಗ್ಲೊರಾಂಥ ಎಂಬ ಕಲ್ಪಿತ ಜಗತ್ತಿನಲ್ಲಿ; ಗ್ರೆಗ್ ಸ್ಟಾಫರ್ಡ್ ಎಂಬ ಅಮೆರಿಕನ್ ಲೇಖಕ 1966ರಿಂದ ಕಟ್ಟುತ್ತಾ ಬಂದ ಪುರಾಣಲೋಕ ಅದು. ಅಲ್ಲಿ ಬಿರುಗಾಳಿಯ ದೇವರಾದ ಒರ್ಲಾಂತ್, ಸೂರ್ಯನಾದ ಚಕ್ರವರ್ತಿಯನ್ನು ಕೊಲ್ಲುತ್ತಾನೆ. ಬೆಳಕು ಹೋಗುತ್ತದೆ, ಚಳಿ ಏರುತ್ತದೆ, ದೇವರುಗಳೇ ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಆಟವಾಡುವವರು ಇಂಥ ಹೊತ್ತಿನಲ್ಲಿ ಒಂದು ಸಣ್ಣ ಕುಲವನ್ನು ನಡೆಸಬೇಕು. ಆ ಕುಲ ಪೂಜಿಸುವುದು ಅದೇ ಒರ್ಲಾಂತ್‌ನನ್ನು. ಕತ್ತಲೆಗೆ ಕಾರಣನಾದ ದೇವರನ್ನೇ ನಂಬಿಕೊಂಡು ಕತ್ತಲೆಯಲ್ಲಿ ಬದುಕುವ ಜನ ಅವರು.

ಆಟದಲ್ಲಿ ಕೈಚಳಕಕ್ಕೆ ಬೆಲೆಯಿಲ್ಲ. ಓದುವುದು ಮತ್ತು ಯೋಚಿಸುವುದು ಮಾತ್ರ. ಕುಲದಲ್ಲಿ ಏಳು ಮಂದಿಯ ಒಂದು ಮಂಡಳಿ ಇರುತ್ತದೆ. ಒಂದೊಂದು ಋತುವಿನಲ್ಲೂ ಏನಾದರೊಂದು ಎದುರಾಗುತ್ತದೆ: ನೆರೆಯ ಕುಲದವರು ದನ ಹೊಡೆದುಕೊಂಡು ಹೋದರು, ಊರು ಬಿಟ್ಟು ಬಂದ ಗುಂಪೊಂದು ಆಶ್ರಯ ಕೇಳುತ್ತಿದೆ, ಮಿತ್ರರು ಯುದ್ಧಕ್ಕೆ ಕರೆಯುತ್ತಿದ್ದಾರೆ, ಕಣಜದಲ್ಲಿ ಧಾನ್ಯ ಸಾಲದು. ಚಿತ್ರವೊಂದು ತೆರೆದುಕೊಳ್ಳುತ್ತದೆ, ಕೆಳಗೆ ನಾಲ್ಕೈದು ದಾರಿಗಳು. ಮಂಡಳಿಯ ಪ್ರತಿಯೊಬ್ಬರೂ ಸಲಹೆ ಕೊಡುತ್ತಾರೆ, ಆದರೆ ಅವರವರ ಸ್ವಭಾವ, ಅವರವರ ದೇವರು, ಅವರವರ ಹಳೆಯ ಹಗೆ ಎಲ್ಲವೂ ಆ ಮಾತಿನಲ್ಲಿ ಸೇರಿರುತ್ತವೆ. ತೀರ್ಮಾನದ ಫಲ ಕೂಡಲೇ ಕಾಣುವುದಿಲ್ಲ. ಇವತ್ತು ಬಾಗಿಲಿಂದ ಅಟ್ಟಿದ ನಿರಾಶ್ರಿತರು ಎಷ್ಟೋ ವರ್ಷದ ಮೇಲೆ ಶತ್ರುಗಳ ಪಾಳೆಯದಲ್ಲಿ ನಿಂತಿರಬಹುದು. ಕುಲದ ಪುರಾಣವನ್ನು ಆಡುವವರು ಬಲ್ಲವರಾಗಿರಬೇಕು, ಏಕೆಂದರೆ ಆಚರಣೆಯ ಹೊತ್ತಿಗೆ ಹಿಂದೆ ದೇವರು ನಡೆದ ದಾರಿಯನ್ನೇ ಮನುಷ್ಯರು ಮತ್ತೆ ನಡೆಯಬೇಕು. ಗೆಲುವು ಎಂದರೆ ಸಾಮ್ರಾಜ್ಯ ಕಟ್ಟುವುದಲ್ಲ. ಕತ್ತಲೆಯ ಆಚೆ ದಡಕ್ಕೆ ಕುಲದಲ್ಲಿ ಯಾರಾದರೂ ಉಳಿದಿರಬೇಕು, ಉಳಿದವರಿಗೆ ತಾವು ಯಾರೆಂಬುದು ನೆನಪಿರಬೇಕು. ಸಾಮಾನ್ಯವಾಗಿ ತಂತ್ರಗಾರಿಕೆಯ ಆಟಗಳು ಬೆಳೆಯುವುದನ್ನು, ಗಡಿ ಹಿಗ್ಗಿಸುವುದನ್ನು ಕಲಿಸುತ್ತವೆ. ಇದು ಕುಗ್ಗುವುದನ್ನು ಕಲಿಸುತ್ತದೆ. ಏನನ್ನು ಬಿಟ್ಟುಕೊಡಬಹುದು, ಏನನ್ನು ಬಿಟ್ಟರೆ ಉಳಿದದ್ದಕ್ಕೂ ಅರ್ಥವಿಲ್ಲ ಎಂದು ಮತ್ತೆ ಮತ್ತೆ ಕೇಳುತ್ತದೆ.

ಈ ಪ್ರಶ್ನೆಯನ್ನು ಹಾಸನ ಜಿಲ್ಲೆಯ ನೆಲಕ್ಕೆ ತಂದು ನೋಡಿದರೆ ಹೊಂದಿಕೆ ಬಲವಂತದ್ದೇನಲ್ಲ. ಹೊಯ್ಸಳರು ಹುಟ್ಟಿನಿಂದ ಚಕ್ರವರ್ತಿಗಳಲ್ಲ, ಮಲೆಯ ಒಂದು ಕುಲ. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಆಗಿನ ಸೊಸೆವೂರು, ಅವರ ಮೂಲ ನೆಲೆ. ಹತ್ತನೇ ಶತಮಾನದಲ್ಲಿ ಅವರು ಸುತ್ತಲಿನ ಮಲೆನಾಡ ನಾಯಕರ ನಡುವೆ ಬಡಿದಾಡುತ್ತಿದ್ದ ಸಣ್ಣ ಒಡೆಯರು. ಮಲೆಪರ ನಡುವೆ ತಾವೇ ಗಂಡುಗಳೆಂದು ಸಾರುವ ‘ಮಲೆಪರೊಳ್ ಗಂಡ’ ಎಂಬ ಬಿರುದನ್ನು ದೊಡ್ಡ ರಾಜರಾದ ಮೇಲೂ ಅವರು ಬಿಡಲಿಲ್ಲ. ಆ ಕಾಲದ ಸಂಪತ್ತೆಂದರೆ ಎಲ್ಲಕ್ಕಿಂತ ಮೊದಲು ದನ. ತುರುಗಾಳಗದಲ್ಲಿ ಮಡಿದವರ ವೀರಗಲ್ಲುಗಳು ಈ ಸೀಮೆಯ ಊರುಗಳಲ್ಲಿ ಇಂದಿಗೂ ಕಾಣುತ್ತವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಮೆರಿಕದ ಆಟವೊಂದು ದನದ ಲೆಕ್ಕದಲ್ಲಿ ಕುಲದ ಶಕ್ತಿಯನ್ನು ಅಳೆದರೆ ಅದು ನಮಗೆ ವಿಚಿತ್ರವಾಗಿ ಕಾಣಬೇಕಾಗಿಲ್ಲ. ನಮ್ಮ ಊರ ಹೊರಗಿನ ಕಲ್ಲುಗಳು ಅದನ್ನೇ ಹೇಳುತ್ತವೆ.

ಪುರಾಣದ ಮಾತೂ ಹಾಗೆಯೇ. ಸುದತ್ತ ಮುನಿಯ ಮಾತಿನಂತೆ ಹುಲಿಯನ್ನು ಹೊಡೆದ ಸಳನ ಕಥೆ ನಮಗೆಲ್ಲ ಗೊತ್ತು. ಆ ಕಥೆ ವಿವರವಾಗಿ ಕಾಣಿಸಿಕೊಳ್ಳುವುದು ವಿಷ್ಣುವರ್ಧನನ ಕಾಲದ ಶಾಸನಗಳಲ್ಲಿ. ಅವನು 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು, 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಹೊತ್ತು ಅದು. ಚೋಳರ ಲಾಂಛನ ಹುಲಿ ಎಂಬುದನ್ನು ನೆನೆದು, ಸಳನ ಕಥೆಗೆ ಈ ಗೆಲುವಿನ ಬಣ್ಣ ಬಂದಿರಬಹುದೆಂದು ಊಹಿಸಿದ ಇತಿಹಾಸಕಾರರಿದ್ದಾರೆ. ಊಹೆ ಸರಿಯೋ ತಪ್ಪೋ, ಒಂದು ಮಾತು ಖಚಿತ: ಮಲೆಯಿಂದ ಇಳಿದು ಬಂದ ಕುಲವೊಂದು ತಾನು ಯಾರೆಂದು ತನಗೂ ಪರರಿಗೂ ಹೇಳಿಕೊಳ್ಳಲು ಒಂದು ಕಥೆಯನ್ನು ಆರಿಸಿಕೊಂಡು, ಅದನ್ನು ಗುಡಿಗಳ ನೆತ್ತಿಯ ಮೇಲೆ ಕಲ್ಲಿನಲ್ಲಿ ನಿಲ್ಲಿಸಿತು. ಪುರಾಣ ಅವರಿಗೆ ಅಲಂಕಾರವಾಗಿರಲಿಲ್ಲ, ಆಳ್ವಿಕೆಯ ಸಾಧನವಾಗಿತ್ತು.

ಆ ಕುಲದ ಉಚ್ಛ್ರಾಯವನ್ನು ನೋಡಲು 1220ರ ಆಸುಪಾಸಿನ ಅರಸೀಕೆರೆಗೆ ಹೋಗಬೇಕು. ಇಂದು ಮೈಸೂರಿನ ರೈಲು ದಾರಿ ಬೆಂಗಳೂರು-ಹುಬ್ಬಳ್ಳಿ ದಾರಿಯನ್ನು ಸೇರುವ ಜಂಕ್ಷನ್ ಎಂದಷ್ಟೇ ಹಲವರಿಗೆ ಪರಿಚಯವಿರುವ ಈ ಊರಿನಲ್ಲಿ, ಹದಿನಾರು ಮೊನೆಗಳ ನಕ್ಷತ್ರಾಕಾರದ ತೆರೆದ ಮಂಟಪವಿರುವ ಈಶ್ವರ ದೇವಾಲಯ ಆಗ ಎದ್ದಿತು. ಅದೇ ಹೊತ್ತಿನಲ್ಲಿ ಅದೇ ಊರಿನಲ್ಲಿ ರೇಚರಸನೆಂಬವನು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ. ಶೈವರೂ ಜೈನರೂ ಒಂದೇ ಪಟ್ಟಣದಲ್ಲಿ ಕೈಬಿಚ್ಚಿ ಕಟ್ಟುವಷ್ಟು ಹಣವೂ ನೆಮ್ಮದಿಯೂ ಇದ್ದ ಕಾಲ. ಆ ಕಾಲಕ್ಕೇ ಸೇರಿದ ಇನ್ನೊಂದು ಕಲ್ಲು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ನಿಂತಿದೆ. ಎರಡನೇ ಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ ಹೆಂಡತಿ ಸುಗ್ಗಲದೇವಿಯೊಂದಿಗೆ, ತನ್ನನ್ನು ನಂಬಿದ ಯೋಧರೊಂದಿಗೆ ಪ್ರಾಣ ಬಿಟ್ಟುದನ್ನು ಹೇಳುವ ಗರುಡಗಂಬ ಅದು. ಒಡೆಯನಿಲ್ಲದೆ ತಾವಿಲ್ಲ ಎಂದು ಹರಕೆ ಹೊತ್ತ ಗರುಡರೂ ಲೆಂಕರೂ ಈ ರಾಜ್ಯದ ಬೆನ್ನೆಲುಬು. ಅವರ ನಿಷ್ಠೆ ಎದೆ ನಡುಗಿಸುವಂಥದ್ದು. ಆದರೆ ಆ ನಿಷ್ಠೆಯ ಒಳಗೇ ಒಂದು ಅಪಾಯವೂ ಇತ್ತು: ಎಲ್ಲವೂ ಒಬ್ಬ ಒಡೆಯನ ದೇಹಕ್ಕೆ ಕಟ್ಟಿಕೊಂಡಿದ್ದರೆ ಆ ಒಡೆಯನಿಗೆ ಸೋಲಲು, ಬಾಗಲು, ಹಿಂದೆ ಸರಿಯಲು ಎಡೆ ಎಲ್ಲಿ?

ಮುಂದಿನ ಎಂಬತ್ತು ವರ್ಷಗಳಲ್ಲಿ ಆದದ್ದನ್ನು ಬೇಗ ಹೇಳಿಬಿಡಬಹುದು. ರಾಜ್ಯ ತಮಿಳು ನೆಲದೊಳಕ್ಕೆ ಚಾಚಿಕೊಂಡಿತು, ಶ್ರೀರಂಗದ ಹತ್ತಿರದ ಕಣ್ಣನೂರಿನಲ್ಲಿ ಇನ್ನೊಂದು ರಾಜಧಾನಿ ಹುಟ್ಟಿತು. ಸೋಮೇಶ್ವರನ ನಂತರ ಮಕ್ಕಳು ಅದನ್ನು ಎರಡಾಗಿ ಹಂಚಿಕೊಂಡರು. ದೋರಸಮುದ್ರದ ಮೂರನೇ ನರಸಿಂಹ, ಕಣ್ಣನೂರಿನ ರಾಮನಾಥ, ಇಬ್ಬರೂ ಒಬ್ಬರ ಮೇಲೊಬ್ಬರು ದಂಡೆತ್ತಿದರು. ಉತ್ತರದಲ್ಲಿ ದೇವಗಿರಿಯ ಸೇವುಣರೊಂದಿಗಿನ ಹಗೆ ತಲೆಮಾರುಗಳಿಂದ ಆರದೆ ಉರಿಯುತ್ತಿತ್ತು. 1291-92ರ ಸುಮಾರಿಗೆ ಪಟ್ಟಕ್ಕೆ ಬಂದ ಮೂರನೇ ಬಲ್ಲಾಳ ಒಡೆದ ಮನೆಯನ್ನು ಕೂಡಿಸಿದ. ಆಟದಲ್ಲಾದರೆ ಇದು ಹಿಂದಿನವರ ತಪ್ಪುಗಳನ್ನೆಲ್ಲ ಹೊತ್ತು ಆರಂಭಿಸುವ ಘಟ್ಟ.

1311ರ ಫೆಬ್ರವರಿ ಕೊನೆಯಲ್ಲಿ ಕಾಫರ್ ದೋರಸಮುದ್ರಕ್ಕೆ ಬಂದಾಗ ಬಲ್ಲಾಳ ಅಲ್ಲಿರಲಿಲ್ಲ. ಪಾಂಡ್ಯ ಸೋದರರಾದ ಸುಂದರ ಪಾಂಡ್ಯ, ವೀರ ಪಾಂಡ್ಯರ ಜಗಳದಲ್ಲಿ ಕಳೆದುಕೊಂಡ ನೆಲವನ್ನು ಮರಳಿ ಪಡೆಯಬಹುದೆಂದು ತೆಂಕಣಕ್ಕೆ ಹೋಗಿದ್ದ. ಹಳೆಯ ಕಾಲದ ಲೆಕ್ಕದಲ್ಲಿ ಅದು ಸರಿಯಾದ ನಡೆಯೇ. ನೆರೆಮನೆಯಲ್ಲಿ ಒಡಕು ಬಿದ್ದಾಗ ಎಲ್ಲ ಅರಸರೂ ಮಾಡುತ್ತಿದ್ದದ್ದು ಅದನ್ನೇ. ಬದಲಾಗಿದ್ದದ್ದು ಜಗತ್ತು. ಓಡೋಡಿ ಹಿಂದಿರುಗಿದವನ ಮುಂದೆ ಎರಡು ದಾರಿಗಳಿದ್ದವು: ಕಾದುವುದು, ಇಲ್ಲವೇ ಬಾಗುವುದು. ಅಮೀರ್ ಖುಸ್ರೋ ‘ಖಜಾಯಿನ್ ಉಲ್ ಫುತೂಹ್’ನಲ್ಲಿ ಬರೆದಿರುವಂತೆ ಬಲ್ಲಾಳ ದೂತರನ್ನು ಕಳಿಸಿ ಸಂಧಿ ಕೇಳಿದ, ಆನೆ, ಕುದುರೆ, ಭಂಡಾರಗಳನ್ನು ಒಪ್ಪಿಸಿದ. ಖುಸ್ರೋ ಗೆದ್ದವರ ಆಸ್ಥಾನದ ಕವಿ, ಅವನ ವರ್ಣನೆಯನ್ನು ಪೂರ್ತಿ ನಂಬಬೇಕಿಲ್ಲ. ಆದರೂ ಫಲಿತಾಂಶದ ವಿಷಯದಲ್ಲಿ ಅನುಮಾನವಿಲ್ಲ. ಮುಂದೆ ಕಾಫರನ ದಂಡು ಪಾಂಡ್ಯರ ನಾಡಿಗೆ ನಡೆದಾಗ ದಾರಿ ತೋರಿದವನೂ ಬಲ್ಲಾಳನೇ. ಕಾಫರನಿಗೆ ದೋರಸಮುದ್ರದ ದಾರಿ ತೋರಿಸಿದ್ದು ದೇವಗಿರಿಯ ದಳವಾಯಿ. ಸೇವುಣರು ಹೊಯ್ಸಳರ ಮೇಲಿನ ಹಗೆಗೆ, ಹೊಯ್ಸಳರು ಬದುಕಿಕೊಳ್ಳುವ ಅನಿವಾರ್ಯಕ್ಕೆ, ಹೀಗೆ ಒಬ್ಬೊಬ್ಬರೂ ಮುಂದಿನವರ ಬಾಗಿಲನ್ನು ತೆರೆದುಕೊಟ್ಟರು. ದಕ್ಷಿಣದ ರಾಜ್ಯಗಳು ಬಿದ್ದದ್ದು ಹೊರಗಿನ ಬಲದಿಂದ ಎಷ್ಟೋ, ಈ ಸರಪಳಿಯಿಂದಲೂ ಅಷ್ಟೇ. ಬಲ್ಲಾಳನ ಮಗ ದೆಹಲಿಗೆ ಹೋಗಬೇಕಾಯಿತು. ಅವನು 1313ರಲ್ಲಿ ಮರಳಿ ಬಂದದ್ದನ್ನು ನಮ್ಮ ಶಾಸನವೇ ದಾಖಲಿಸಿದೆ. ಸೋತ ರಾಜ್ಯವೊಂದು ಸುಮಾರು ಎರಡು ವರ್ಷಗಳಲ್ಲಿ ಯುವರಾಜನ ಬರವನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ಚೇತರಿಸಿಕೊಂಡಿತ್ತು ಎಂಬುದನ್ನು ಗಮನಿಸಬೇಕು.

ಇದಕ್ಕಿಂತ ಕಠಿಣವಾದ ಘಳಿಗೆ 1327ರ ಹೊತ್ತಿಗೆ ಬಂತು. ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಸೋದರಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್, ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು, ದಂಗೆಯೆದ್ದು ಸೋತು ಕಂಪಿಲಿಗೆ ಓಡಿಬಂದ. ಕಂಪಿಲಿಯ ಅರಸ ಮರೆಹೊಕ್ಕವನನ್ನು ಬಿಟ್ಟುಕೊಡಲಿಲ್ಲ. ಕೋಟೆ ಉಳಿಯುವುದಿಲ್ಲವೆಂದು ಖಚಿತವಾದಾಗ ಗುರ್ಶಾಸ್ಪ್‌ನನ್ನು ಹೊಯ್ಸಳರ ಕಡೆಗೆ ಕಳಿಸಿ, ಹೆಂಗಸರನ್ನು ಬೆಂಕಿಗೊಪ್ಪಿಸಿ, ತಾನು ಹೋರಾಡಿ ಸತ್ತ. ಈಗ ಪ್ರಶ್ನೆ ಬಲ್ಲಾಳನ ಬಾಗಿಲಿಗೆ ಬಂದು ನಿಂತಿತು. ಅವನು ಗುರ್ಶಾಸ್ಪ್‌ನನ್ನು ದೆಹಲಿಯ ದಂಡಿಗೆ ಒಪ್ಪಿಸಿದ. ಆ ಮನುಷ್ಯನ ಚರ್ಮ ಸುಲಿಸಲಾಯಿತೆಂದು ಆ ಕಾಲದ ಪ್ರವಾಸಿ ಇಬ್ನ್ ಬತೂತ ಬರೆಯುತ್ತಾನೆ. ಇಷ್ಟೆಲ್ಲ ಆದರೂ ಈ ಸುತ್ತಿನ ದಾಳಿಗಳಲ್ಲಿ ದೋರಸಮುದ್ರ ಎರಡನೇ ಸಲ ಹಾಳಾಯಿತು ಎಂಬುದೇ ಇತಿಹಾಸಕಾರರ ರೂಢಿಯ ಅಭಿಪ್ರಾಯ.

ಈ ಎರಡು ತೀರ್ಮಾನಗಳನ್ನು ಕನ್ನಡ ಜನ ಹೇಗೆ ನೆನಪಿಟ್ಟುಕೊಂಡರು ಎಂಬುದು ನನ್ನ ವಾದಕ್ಕೆ ಮುಖ್ಯ ಸಾಕ್ಷಿ. ಕಂಪಿಲಿಯ ರಾಜಕುಮಾರ ಕುಮಾರರಾಮ ಕಾವ್ಯಗಳ ನಾಯಕನಾದ. ನಂಜುಂಡ ಕವಿ ಅವನ ಮೇಲೆ ಸಾಂಗತ್ಯ ಬರೆದ. ಬಳ್ಳಾರಿ, ಕೊಪ್ಪಳದ ಸೀಮೆಯಲ್ಲಿ ಅವನ ಹಾಡು, ಕಥೆ, ಪೂಜೆ ಇಂದಿಗೂ ಇವೆ. ಹೊಯ್ಸಳರ ಕಡೆಗೆ ಬಂದರೆ ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು, ಸಿ.ಕೆ. ನಾಗರಾಜರಾವ್ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ಸಂಪುಟ ಸಂಪುಟವಾಗಿ ಬರೆದರು. ಎರಡೂ ವಂಶದ ಏರುಗಾಲದ ಕಥೆಗಳು. ಮಡಿದ ವೀರನಿಗೆ ನಮ್ಮಲ್ಲಿ ಕಾವ್ಯವಿದೆ, ಮೆರೆದ ರಾಣಿಗೆ ಕಾದಂಬರಿಯಿದೆ. ಬಾಗಿ, ಕಪ್ಪ ಕೊಟ್ಟು, ಮರೆಹೊಕ್ಕವನನ್ನು ಕೈಬಿಟ್ಟು, ರಾಜಧಾನಿ ಬದಲಿಸಿ, ಮತ್ತೆ ಎದ್ದು ನಿಂತು ಎಂಬತ್ತರ ವಯಸ್ಸಿನಲ್ಲಿ ರಣರಂಗದಲ್ಲಿ ಸೆರೆಯಾದ ಮುದುಕನಿಗೆ ಅದಕ್ಕೆ ಸಮನಾದದ್ದು ಇಲ್ಲ. ಪತನದ ಕಥೆಯೇ ಕನ್ನಡದಲ್ಲಿಲ್ಲ ಎಂದು ಹೇಳುತ್ತಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕೊಡಗಿನ ಕೊನೆಯ ಅರಸನ ಪತನವನ್ನು ಅಸಾಧಾರಣವಾಗಿ ಕಾಣಿಸುತ್ತದೆ. ಆದರೆ ಅಲ್ಲಿ ರಾಜ್ಯ ಕುಸಿಯುವುದು ಅರಸನ ನಡತೆಯ ದೋಷದಿಂದ. ನಾಯಕನಲ್ಲಿ ದೋಷ ಹೆಚ್ಚಿಲ್ಲದೆಯೂ ಕಾಲವೇ ಮುರಿದುಬೀಳುವಾಗ ಏನು ಮಾಡಬೇಕೆಂಬ ಪ್ರಶ್ನೆ ಬೇರೆ ಜಾತಿಯದು. ಕಾದಂಬರಿ ಒಂದು ದಾರಿಯನ್ನು ಮಾತ್ರ ನಡೆದು ತೋರಿಸಬಲ್ಲದು. ನಾಲ್ಕು ದಾರಿಗಳನ್ನು ಮುಂದಿಟ್ಟು, ಏಳು ಮಂದಿಯ ವಾದ ಕೇಳಿಸಿ, ಆಯ್ದದ್ದರ ಫಲವನ್ನು ಹತ್ತು ವರ್ಷದ ಮೇಲೆ ಆಡುವವರಿಂದಲೇ ಹೊರಿಸುವ ಸಾಮರ್ಥ್ಯ ಈ ಬಗೆಯ ಆಟಕ್ಕಿದೆ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಬಲ್ಲಾಳ ಏನು ಮಾಡಿದ್ದರೂ ಆಗುತ್ತಿದ್ದದ್ದು ಆಗುತ್ತಲೇ ಇತ್ತು, ದೆಹಲಿಯ ಕುದುರೆ ಸೈನ್ಯದ ಮುಂದೆ ದಕ್ಷಿಣದ ಯಾವ ರಾಜ್ಯವೂ ನಿಲ್ಲುತ್ತಿರಲಿಲ್ಲ, ಆದ್ದರಿಂದ ತೀರ್ಮಾನಗಳ ಮಾತೇ ವ್ಯರ್ಥ ಎಂಬುದು. ಇದಕ್ಕೆ ಉತ್ತರ ಅಕ್ಕಪಕ್ಕದ ರಾಜ್ಯಗಳ ದಿನಾಂಕಗಳಲ್ಲಿದೆ. ದೇವಗಿರಿ ದಂಗೆಯೆದ್ದು 1318ರ ಹೊತ್ತಿಗೆ ಅಳಿಯಿತು, ಅದರ ಕೊನೆಯ ಅರಸ ಹರಪಾಲದೇವ ಕ್ರೂರವಾಗಿ ಕೊಲೆಯಾದ. ಓರಂಗಲ್ಲಿನ ಕಾಕತೀಯ ಪ್ರತಾಪರುದ್ರ 1323ರಲ್ಲಿ ಸೆರೆಯಾದ. ಕಂಪಿಲಿ 1327ರಲ್ಲಿ ಬೂದಿಯಾಯಿತು. ಮಧುರೆ ಪಾಂಡ್ಯರ ಕೈತಪ್ಪಿ, ಕೊನೆಗೆ ದೆಹಲಿಯಿಂದಲೂ ಬೇರ್ಪಟ್ಟ ಸುಲ್ತಾನರ ನೆಲೆಯಾಯಿತು. ಇವರೆಲ್ಲರಿಗಿಂತ ಹೆಚ್ಚು ಕಾಲ ನಿಂತವನು ಬಲ್ಲಾಳ. ಮಲೆನಾಡಿನ ಕಾಡು, ದೆಹಲಿಯಿಂದ ಇದ್ದ ದೂರ, ತಮಿಳು ನಾಡಿನಲ್ಲಿದ್ದ ಇನ್ನೊಂದು ನೆಲೆ ಇವೂ ಅವನಿಗೆ ನೆರವಾದವು ಎಂಬುದನ್ನು ಒಪ್ಪಬೇಕು. ಆದರೆ ನೆಲದ ಅನುಕೂಲ ತಾನಾಗಿಯೇ ರಾಜ್ಯ ಉಳಿಸುವುದಿಲ್ಲ, ಅದನ್ನು ಬಳಸಿಕೊಳ್ಳುವವರು ಬೇಕು. ದೋರಸಮುದ್ರ ಹಾಳಾದ ಮೇಲೆ ಅವನು ತಿರುವಣ್ಣಾಮಲೆಯಿಂದ ಆಳಿದ. ಹೊಯ್ಸಳೇಶ್ವರನ ಊರನ್ನು, ಮುನ್ನೂರು ವರ್ಷಕ್ಕೆ ಸಮೀಪದ ನೆನಪನ್ನು ಹಿಂದೆ ಬಿಟ್ಟು ಅರಸನೊಬ್ಬ ನಡೆದುಬಿಡುವುದು ಸುಲಭದ ಮಾತಲ್ಲ. ಅವನು ನಡೆದ.

ಎರಡನೆಯ ಆಕ್ಷೇಪ ನೈತಿಕವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನೆರೆಯವರ ಮೇಲೆ ಹೋಗುವ ದಂಡಿಗೆ ದಾರಿ ತೋರಿದವನನ್ನು, ಮರೆಹೊಕ್ಕವನನ್ನು ಒಪ್ಪಿಸಿದವನನ್ನು ‘ಜಾಣ’ ಎಂದು ಹೊಗಳುವುದು ಹೇಡಿತನಕ್ಕೆ ಬಣ್ಣ ಬಳಿದಂತೆ ಅಲ್ಲವೇ? ಹೊಗಳುವುದು ನನ್ನ ಉದ್ದೇಶವಲ್ಲ. ಪಾಂಡ್ಯರ ನಾಡಿನ ಜನ ಅನುಭವಿಸಿದ ಲೂಟಿಯಲ್ಲಿ ಬಲ್ಲಾಳನ ಪಾಲಿದೆ, ಗುರ್ಶಾಸ್ಪ್‌ನ ಸಾವಿನಲ್ಲೂ ಇದೆ. ಆದರೆ ಕಂಪಿಲಿಯ ದಾರಿಗೂ ಬೆಲೆಯಿತ್ತು, ಆ ಬೆಲೆಯನ್ನು ತೆತ್ತವರು ಕೋಟೆಯೊಳಗಿನ ಹೆಂಗಸರು ಮಕ್ಕಳು. ಕಾವ್ಯ ಅವರನ್ನು ವೀರನ ಕೀರ್ತಿಯ ಭಾಗವಾಗಿ ನೋಡುತ್ತದೆ. ‘ಸಿಕ್ಸ್ ಏಜಸ್’ನಂಥ ಆಟದಲ್ಲಿ ಅವರೂ ಲೆಕ್ಕಕ್ಕೆ ಬರುತ್ತಾರೆ: ಎಷ್ಟು ಮಂದಿ ಉಳಿದರು, ಮುಂದಿನ ವರ್ಷ ಹೊಲ ಉಳಲು ಯಾರಿದ್ದಾರೆ ಎಂದು ಅದು ಕೇಳುತ್ತದೆ. ಹಾಗೆಂದು ಆಶ್ರಯ ಕೇಳಿ ಬಂದವರನ್ನು ಅಟ್ಟಿದ್ದಕ್ಕೆ ಅದು ಕ್ಷಮೆಯನ್ನೂ ಕೊಡುವುದಿಲ್ಲ. ಆ ನೆನಪು ಕುಲದೊಳಗೂ ನೆರೆಯವರಲ್ಲೂ ಉಳಿದು ಎಂದೋ ಕಾಡುತ್ತದೆ. ಎರಡೂ ಬೆಲೆಗಳನ್ನು ಒಟ್ಟಿಗೆ ಕಣ್ಣ ಮುಂದೆ ಹಿಡಿಯುವ ಈ ಗುಣವೇ ನನಗೆ ಅಮೂಲ್ಯವಾಗಿ ಕಾಣುವುದು. ಬಲ್ಲಾಳ ದ್ರೋಹಿಯೋ ರಕ್ಷಕನೋ ಎಂಬ ಒಂದೇ ಮಾತಿನ ತೀರ್ಪಿಗೆ ಅಲ್ಲಿ ಜಾಗವಿಲ್ಲ.

ಅವನ ಕೊನೆಯ ತೀರ್ಮಾನವಂತೂ ಆಟಗಾರರ ನಿದ್ದೆ ಕೆಡಿಸುವಂಥದ್ದು. 1342ರಲ್ಲಿ ಮಧುರೆಯ ಸುಲ್ತಾನರ ಕೈಯಲ್ಲಿದ್ದ ಕಣ್ಣನೂರು ಕುಪ್ಪಂ ಕೋಟೆಯನ್ನು ಅವನು ಮುತ್ತಿದ. ಸ್ವಲ್ಪ ಕಾಲದ ನಂತರ ಮಧುರೆಗೆ ಬಂದು ಅಲ್ಲಿನ ಸುಲ್ತಾನನ ಬಂಧುವೇ ಆಗಿದ್ದ ಇಬ್ನ್ ಬತೂತ ಇದರ ವಿವರ ಕೊಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಬಲ್ಲಾಳನ ಬಳಿ ಲಕ್ಷ ಮೀರಿದ ಸೈನ್ಯವಿತ್ತು, ಜೊತೆಗೆ ಸುಮಾರು 20,000 ಮುಸ್ಲಿಂ ಸೈನಿಕರೂ ಇದ್ದರು; ಎದುರಾಳಿಗಳು 6,000. ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆಯಿರಬಹುದು, ಆದರೆ ಆ 20,000ದ ಮಾತು ಈ ಯುದ್ಧಗಳನ್ನು ಕೇವಲ ಎರಡು ಮತಗಳ ಕಾಳಗವೆಂದು ಓದುವವರು ನಿಂತು ಯೋಚಿಸಬೇಕಾದದ್ದು. ತಿಂಗಳುಗಟ್ಟಲೆ ಮುತ್ತಿಗೆಯ ನಂತರ ಕೋಟೆಯಲ್ಲಿ ಹದಿನಾಲ್ಕು ದಿನದ ದವಸ ಮಾತ್ರ ಉಳಿದಿತ್ತು. ಒಳಗಿನವರು ತಮ್ಮ ಸುಲ್ತಾನನನ್ನು ಕೇಳಿ ಕೋಟೆ ಒಪ್ಪಿಸುತ್ತೇವೆ, ಅಲ್ಲಿಯವರೆಗೆ ಬಿಡುವು ಕೊಡಿ ಎಂದರು. ಬಲ್ಲಾಳ ಕೊಟ್ಟ. ಆ ಬಿಡುವಿನಲ್ಲೇ ಸುಲ್ತಾನ ಘಿಯಾಸುದ್ದೀನ್ ಬಂದು, ಪಾಳೆಯದವರು ಮೈಮರೆತು, ಕುದುರೆಗಳನ್ನು ಮೇಯಲು ಬಿಟ್ಟಿದ್ದ ಹೊತ್ತಿನಲ್ಲಿ ಮೇಲೆ ಬಿದ್ದ. ವೃದ್ಧ ಅರಸ ಸೆರೆಯಾದ. ಅವನ ಸಂಪತ್ತನ್ನೆಲ್ಲ ಹಿಂಡಿಕೊಂಡ ಮೇಲೆ ಅವನನ್ನು ಕೊಂದು ಚರ್ಮ ಸುಲಿಸಿ, ಹುಲ್ಲು ತುಂಬಿ ಮಧುರೆಯ ಗೋಡೆಗೆ ತೂಗುಹಾಕಿದರು. ಗುರ್ಶಾಸ್ಪ್‌ಗೆ ಆದದ್ದೇ ಅವನಿಗೂ ಆಯಿತು.

ಮೂವತ್ತು ವರ್ಷ ಎಚ್ಚರದಿಂದ ಬಾಗಿ ಬದುಕಿದವನು ಗೆಲುವಿನ ಹೊಸ್ತಿಲಲ್ಲಿ ಯಾಕೆ ಬಿಡುವು ಕೊಟ್ಟ? ಯುದ್ಧಧರ್ಮದ ಹಳೆಯ ನಂಬಿಕೆಯೋ, ದಣಿದ ಸೈನ್ಯಕ್ಕೆ ರಕ್ತಪಾತವಿಲ್ಲದೆ ಕೋಟೆ ಸಿಗಲೆಂಬ ಲೆಕ್ಕವೋ, ಮುಪ್ಪೋ? ಇತಿಹಾಸಕಾರ ಇಲ್ಲಿ ಊಹಿಸಿ ಸುಮ್ಮನಾಗಬೇಕು. ಆದರೆ ಆ ಬಿಡುವನ್ನು ಒಬ್ಬ ಓದುಗ ತಾನೇ ಕೊಡುವ ಅಥವಾ ನಿರಾಕರಿಸುವ ಜಾಗದಲ್ಲಿ ಕುಳಿತರೆ, ಅದು ಮೂರ್ಖತನವಾಗಿ ಕಾಣುವುದಿಲ್ಲ. ನಿರಾಕರಿಸಿದರೆ ಹಸಿದ ಕೋಟೆ ಕೊನೆಯ ಉಸಿರಿನವರೆಗೆ ಹೊಡೆದಾಡಬಹುದು. ಕೊಟ್ಟರೆ ಒಂದು ಹನಿ ರಕ್ತ ಚೆಲ್ಲದೆ ತೆಂಕಣ ಕೈಗೆ ಬರಬಹುದು. ಮುಂದಾದದ್ದು ಗೊತ್ತಿರುವ ನಮಗೆ ಮಾತ್ರ ಉತ್ತರ ಸುಲಭ.

ಜನರ ನರಳಾಟವನ್ನು ಆಟವಾಗಿಸುವುದೇ ತಪ್ಪು ಎನ್ನುವವರೂ ಇದ್ದಾರೆ. ಹೊಡಿ-ಬಡಿಯ ಆಟಗಳನ್ನು ನೋಡಿ ಬೇಸತ್ತವರಿಗೆ ಹಾಗನ್ನಿಸುವುದು ಸಹಜ. ಆದರೆ ಬಯಲಾಟದಲ್ಲಿ, ತಾಳಮದ್ದಳೆಯಲ್ಲಿ ನಾವು ಸಾವನ್ನೂ ದ್ರೋಹವನ್ನೂ ಆಡಿ ತೋರಿಸುತ್ತಲೇ ಬಂದಿದ್ದೇವೆ. ತಾಳಮದ್ದಳೆಯ ಅರ್ಥಧಾರಿ ಕರ್ಣನ ಪರವಾಗಿಯೂ ಕೃಷ್ಣನ ಪರವಾಗಿಯೂ ವಾದ ಹೂಡುವಾಗ ಸಭಿಕರು ಮಹಾಭಾರತವನ್ನು ಹಗುರ ಮಾಡುತ್ತಿಲ್ಲ, ಅದರ ಭಾರವನ್ನು ತೂಗಿ ನೋಡುತ್ತಿರುತ್ತಾರೆ. ಆಟ ಎಂಬ ಹೆಸರಿಗಿಂತ ಅದರೊಳಗಿನ ಗಾಂಭೀರ್ಯ ಮುಖ್ಯ.

ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದು ಶಿಲ್ಪಕ್ಕೆ ಸಂದ ಮನ್ನಣೆ, ಸಲ್ಲಬೇಕಾದದ್ದೇ. ಆ ಶಿಲ್ಪದ ಹಿಂದಿದ್ದ ಜನ ತಮ್ಮ ಲೋಕ ಮುಗಿಯುತ್ತಿದ್ದಾಗ ಹೇಗೆ ಯೋಚಿಸಿದರು ಎಂಬುದನ್ನು ಹೇಳುವ ಕೆಲಸ ಬಾಕಿಯಿದೆ. ಅದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲೇ ಇದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟವಿದೆ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಿವೆ, ಡೆರೆಟ್ ಅವರಂಥ ವಿದ್ವಾಂಸರ ಹೊಯ್ಸಳ ಚರಿತ್ರೆಯಿದೆ. ‘ಸಿಕ್ಸ್ ಏಜಸ್’ ಬಹುಪಾಲು ಅಕ್ಷರಗಳಿಂದಲೂ ಕೈಯಿಂದ ಬಿಡಿಸಿದ ಚಿತ್ರಗಳಿಂದಲೂ ಕಟ್ಟಿದ ಆಟ. ಕೋಟಿಗಟ್ಟಲೆ ಹಣ ಸುರಿಯುವ ಬಗೆಯದಲ್ಲ. ಒಬ್ಬ ಕಾದಂಬರಿಕಾರ್ತಿ, ಒಬ್ಬ ಶಾಸನತಜ್ಞ, ಇಬ್ಬರು ಚಿತ್ರಕಾರರು, ಬೆಂಗಳೂರಿನ ಕೆಲವು ಪ್ರೋಗ್ರಾಮರುಗಳು ಕೂಡಿದರೆ ಅಂಥದ್ದೊಂದು ಕನ್ನಡದಲ್ಲೇ ಹುಟ್ಟಬಹುದು. ಮಂಡಳಿಯ ಏಳು ಜಾಗಗಳನ್ನು ತುಂಬುವುದು ಕಷ್ಟವಲ್ಲ: ಒಬ್ಬ ದಂಡನಾಯಕ, ಗರುಡರ ಹಿರಿಯ, ಅರಸೀಕೆರೆಯ ಸೆಟ್ಟಿ, ಹಳೇಬೀಡಿನ ಬಸದಿಯ ಆಚಾರ್ಯ, ಬೇಲೂರಿನ ಶ್ರೀವೈಷ್ಣವ, ಮಲೆಯ ಗಾವುಂಡ, ಪಟ್ಟದ ರಾಣಿ. ಗುರ್ಶಾಸ್ಪ್ ಬಾಗಿಲಲ್ಲಿ ನಿಂತಾಗ ಈ ಏಳು ಮಂದಿ ಒಂದೇ ಮಾತನ್ನು ಆಡುವುದಿಲ್ಲ.

ಆಟ ಎಲ್ಲಿ ಮುಗಿಯಬೇಕು ಎಂಬುದರ ಬಗ್ಗೆಯೂ ನನಗೊಂದು ಖಚಿತ ಅಭಿಪ್ರಾಯವಿದೆ. 1342ರ ಮಧುರೆಯ ಗೋಡೆಯಲ್ಲಿ ಅಲ್ಲ. ಬಲ್ಲಾಳ ಸಾಯುವ ಹೊತ್ತಿಗೆ ಅವನ ರಾಜ್ಯದ ಬಡಗಣ ಅಂಚಿನಲ್ಲಿ ಸಂಗಮ ಸೋದರರು ತಲೆಯೆತ್ತಿಯಾಗಿತ್ತು. ವಿಜಯನಗರದ ಸ್ಥಾಪನೆಯನ್ನು ಸಂಪ್ರದಾಯ 1336ಕ್ಕೆ ಇಡುತ್ತದೆ. ಅವರು ಹೊಯ್ಸಳರ ಅಧೀನದಿಂದ ಬೆಳೆದವರೆಂದು ಸಾಲೆತೊರೆ, ಹೆರಾಸ್ ಮೊದಲಾದವರು ವಾದಿಸಿದರೆ, ನೀಲಕಂಠ ಶಾಸ್ತ್ರಿಗಳೂ ವೆಂಕಟರಮಣಯ್ಯನವರೂ ಓರಂಗಲ್ಲು-ಕಂಪಿಲಿಯ ಕಡೆಯಿಂದ ಬಂದವರೆಂದರು. ಆ ಚರ್ಚೆ ಹೇಗೇ ತೀರಲಿ, ಹೊಯ್ಸಳ ನಾಡಿನ ಊರು, ಕೆರೆ, ಗುಡಿ, ಆಡಳಿತದ ಮಂದಿ ಹೊಸ ರಾಜ್ಯಕ್ಕೆ ದಾಟಿ ಬಂದದ್ದು ಬೇಲೂರಿನಲ್ಲೇ ಕಾಣುತ್ತದೆ. ಕಲಬುರಗಿಯ ಕಡೆಯಿಂದ ಬಂದ ದಾಳಿಯಲ್ಲಿ ಸುಟ್ಟಿದ್ದ ಚೆನ್ನಕೇಶವ ದೇವಾಲಯದ ಮಹಾದ್ವಾರವನ್ನು ಎರಡನೇ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಕಟ್ಟಿಸಿದ. ಹದಿನಾರು ಕಿಲೋಮೀಟರ್ ಆಚೆಗಿನ ಹಳೇಬೀಡು ರಾಜಧಾನಿಯಾಗಿ ಮತ್ತೆ ಏಳಲಿಲ್ಲ. ಬೇಲೂರಿನಲ್ಲಿ ಪೂಜೆ ಮುಂದುವರಿಯಿತು. ಆಡಿದವರು ಮೂವತ್ತೊಂದು ವರ್ಷ ತೆಗೆದುಕೊಂಡ ತೀರ್ಮಾನಗಳನ್ನು ಆ 1397ರಲ್ಲಿ ನಿಂತು ಅಳೆಯಬೇಕು: ಎಷ್ಟು ಊರುಗಳಲ್ಲಿ ದೀಪ ಉಳಿದಿದೆ, ಯಾವ ಗುಡಿಗಳನ್ನು ಮತ್ತೆ ಕಟ್ಟಲು ಜನರಿದ್ದಾರೆ, ಸಳನ ಕಥೆಯನ್ನು ಹೇಳಬಲ್ಲವರು ಇನ್ನೂ ಯಾರಿದ್ದಾರೆ.